ಡಾಕ್ಟರಮ್ಮ ಅನುಪಮಾ ಮತ್ತು ಲೆಕ್ಕಕ್ಕೆ ಸಿಗದ ಆರೈಕೆ

ಒಬ್ಬ ಹಿರಿಯ ಡಾಕ್ಟರು ತೀರಿಕೊಂಡರೆ ನಮ್ಮ ಕಡೆ ಬರುವ ಶ್ರದ್ಧಾಂಜಲಿಗಳನ್ನ ನೀವೂ ಓದಿರ್ತೀರಿ. ಕರ್ತವ್ಯನಿಷ್ಠ ವೈದ್ಯರು, ಬಡವರ ಬಂಧು, ಆದರ್ಶ ಕುಟುಂಬಸ್ಥರು. ಮೊದಲ ಎರಡು ಮಾತಿನ ಬಗ್ಗೆ ನನ್ನದೇನೂ ತಕರಾರಿಲ್ಲ. ನಾನು ನಿಂತು ನೋಡೋದು ಮೂರನೆಯದನ್ನ. ಗಂಡಸಿಗೆ 'ಕುಟುಂಬಸ್ಥ' ಅಂದರೆ ಹೊಗಳಿಕೆ. ಅಷ್ಟು ದೊಡ್ಡ ಕೆಲಸದ ನಡುವೆಯೂ ಹೆಂಡತಿ ಮಕ್ಕಳನ್ನ ನೋಡಿಕೊಂಡರಲ್ಲ ಅನ್ನೋ ಬೆರಗು ಅದರಲ್ಲಿದೆ. ಹೆಂಗಸು ಡಾಕ್ಟರಿಗೆ ಈ ಮಾತು ಯಾರೂ ಹೇಳಲ್ಲ. ಅವಳು ಮಾಡಿದ್ದು ಮಾಡಲೇಬೇಕಾದ್ದು. ಅದಕ್ಕೆ ಹೊಗಳಿಕೆ ಎಂತಕ್ಕೆ?

ಹಾಗಾಗಿ ಇವತ್ತು ಒಬ್ಬ ಡಾಕ್ಟರಮ್ಮನನ್ನ ನೆನಪು ಮಾಡಿಕೊಳ್ಳೋಣ ಅಂತ ಈ ಬರಹ. ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಡಾ. ಅನುಪಮಾ ನಿರಂಜನ. ಹುಟ್ಟಿದ್ದು 1934ರಲ್ಲಿ, ನಮ್ಮದೇ ಜಿಲ್ಲೆಯ ತೀರ್ಥಹಳ್ಳಿಯಲ್ಲಿ. ಮೊದಲ ಹೆಸರು ವೆಂಕಟಲಕ್ಷ್ಮಿ. ಹುಡುಗಿಯರನ್ನ ಹೈಸ್ಕೂಲಿಗೆ ಕಳಿಸೋದೇ ದೊಡ್ಡದು ಅನ್ನೋ ಕಾಲದಲ್ಲಿ ವೈದ್ಯಕೀಯ ಓದಿ ಡಾಕ್ಟರಾದರು. ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ರೋಗಿಗಳನ್ನ ನೋಡಿದರು. ಮದುವೆಯಾಗಿದ್ದು ಲೇಖಕ ನಿರಂಜನರನ್ನ. ಕಯ್ಯೂರಿನ ನಾಲ್ವರು ರೈತ ಹೋರಾಟಗಾರರನ್ನ 1943ರಲ್ಲಿ ಗಲ್ಲಿಗೆ ಹಾಕಿದ ಕಥೆಯನ್ನ 'ಚಿರಸ್ಮರಣೆ' ಕಾದಂಬರಿ ಮಾಡಿದ ನಿರಂಜನ. ಇಬ್ಬರು ಹೆಣ್ಣುಮಕ್ಕಳು, ತೇಜಸ್ವಿನಿ ಮತ್ತು ಸೀಮಂತಿನಿ. ಇಬ್ಬರೂ ಮುಂದೆ ಹೆಸರು ಮಾಡಿದ ವಿದ್ವಾಂಸರು. ಜಯಂತ ಕಾಯ್ಕಿಣಿಯವರ ಕಥೆಗಳನ್ನ ಇಂಗ್ಲಿಷಿಗೆ ತಂದು 2018ರಲ್ಲಿ ಡಿಎಸ್‌ಸಿ ಪ್ರಶಸ್ತಿ ತಂದುಕೊಟ್ಟವರು ಇದೇ ತೇಜಸ್ವಿನಿ ನಿರಂಜನ.

ಅನುಪಮಾ ಕಾದಂಬರಿಗಾರ್ತಿ ಅಂತ ಬಹಳ ಜನಕ್ಕೆ ಗೊತ್ತು. ಅವರ 'ಋಣಮುಕ್ತಳು' 1984ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಆಯ್ತು. ಮಕ್ಕಳಿಗೆ ಬರೆದ 'ದಿನಕ್ಕೊಂದು ಕಥೆ' ಹನ್ನೆರಡು ಪುಸ್ತಕ, ತಿಂಗಳಿಗೊಂದರಂತೆ. ಆದರೆ ನನಗೆ ಅವರು ಸಿಕ್ಕಿದ್ದು ಕಥೆಯಿಂದಲ್ಲ. 'ತಾಯಿ-ಮಗು' ಅನ್ನೋ ಪುಸ್ತಕದಿಂದ.

ಅದು 1988 ಇರಬೇಕು, ನಾನು ಒಂಬತ್ತನೇ ಕ್ಲಾಸು. ನಮ್ಮ ಕೇರಿಗೆ ಬರ್ತಿದ್ದ ಅಂಗನವಾಡಿ ಟೀಚರಕ್ಕ ಒಬ್ಬರು ಹಳೇ ಪ್ರತಿ ತಂದುಕೊಟ್ಟರು. ರಟ್ಟು ಕಿತ್ತುಹೋಗಿತ್ತು. "ಓದಿ ಹೇಳು ಇವರಿಗೆಲ್ಲ, ನಿನಗೆ ಓದಕ್ಕೆ ಬರ್ತದಲ್ಲ" ಅಂದರು. ಕೇರಿಯಲ್ಲಿ ಆಗ ಮೂವರು ಬಸುರಿಯರು. ಅಡಿಕೆ ಸುಲಿಯೋ ಸೀಸನ್ನು. ರಾತ್ರಿ ಊಟ ಆದಮೇಲೆ ಗ್ಯಾಸ್‌ಲೈಟ್ ಬೆಳಕಲ್ಲಿ ಹೆಂಗಸರೆಲ್ಲ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ಸುಲಿಯೋರು, ನಾನು ಪಕ್ಕದಲ್ಲಿ ಕೂತು ಓದೋಳು. ಗರ್ಭ ಅಂದರೆ ಏನು, ರಕ್ತ ಯಾಕೆ ಕಡಿಮೆ ಆಗ್ತದೆ, ಕಾಲು ಊದಿಕೊಂಡರೆ ಯಾಕೆ ಹೆದರಬೇಕು. ಓದ್ತಾ ಓದ್ತಾ ನನಗೇ ನಾಚಿಕೆ ಆಗಿ ದನಿ ಇಳೀತಿತ್ತು. "ಜೋರಾಗಿ ಓದೇ ಮಾರಾಯ್ತಿ, ನಾವು ಹೆತ್ತಿದ್ದು ನಾವು ಕೇಳಕ್ಕೆ ಎಂತ ನಾಚಿಕೆ" ಅಂತ ಒಬ್ಬಳು ಅಜ್ಜಿ ಬೈದಳು. ಆ ಅಜ್ಜಿ ಎಂಟು ಹೆತ್ತವಳು. ಉಳಿದಿದ್ದು ಮೂರು.

ನನ್ನ ಅವ್ವ ಸುಮ್ಮನೆ ಕೇಳ್ತಾ ಇದ್ದಳು. ಕೊನೆಗೆ ಒಂದೇ ಮಾತು ಕೇಳಿದಳು. "ಇದನ್ನೆಲ್ಲ ಹೇಳಿದ್ದು ಡಾಕ್ಟ್ರಾ? ಡಾಕ್ಟ್ರು ನಮ್ಮ ಹತ್ರ ಇಷ್ಟು ಮಾತಾಡ್ತಾರಾ?"

ಈ ಪ್ರಶ್ನೆ ಹಿಂದೆ ಇರೋದೇನು ಅಂತ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳ್ತೀನಿ. ವೈದ್ಯಕೀಯ ಅಂದರೆ ಮುಟ್ಟುವ ವಿದ್ಯೆ. ನಾಡಿ ಹಿಡಿಯಬೇಕು, ಹೊಟ್ಟೆ ಒತ್ತಿ ನೋಡಬೇಕು, ಕಣ್ಣಿನ ಕೆಳಗಿನ ಚರ್ಮ ಎಳೆದು ರಕ್ತ ಇದೆಯಾ ಅಂತ ನೋಡಬೇಕು. ಮುಟ್ಟಬಾರದು ಅಂತ ಸಾವಿರಾರು ವರ್ಷ ದೂರ ಇಟ್ಟ ಮೈಯನ್ನ ಮುಟ್ಟದೆ ಡಾಕ್ಟರಿಕೆ ಮಾಡಕ್ಕೆ ಆಗಲ್ಲ. ಆದರೂ ಮಾಡೋರು ಇದ್ದರು. ಅವ್ವನಿಗೆ ನನ್ನ ತಮ್ಮ ಹೊಟ್ಟೇಲಿದ್ದಾಗ ಒಂದು ಕಡೆ ಕರಕೊಂಡು ಹೋಗಿದ್ದರಂತೆ. ಬೆಂಚಿನ ಆ ಕಡೆಯಿಂದಲೇ ಎರಡು ಪ್ರಶ್ನೆ, ಒಂದು ಚೀಟಿ, ಮಾತ್ರೆ ಟೇಬಲ್ ಮೇಲೆ. ಕೈಗೆ ಕೊಡಲಿಲ್ಲ. ಅವ್ವ ಆಮೇಲೆ ಸಾಯೋವರೆಗೂ ಆ ಬಾಗಿಲು ತುಳೀಲಿಲ್ಲ. ಮುಟ್ಟದ ಡಾಕ್ಟರು ಮಾತೂ ಆಡೋದಿಲ್ಲ. ಅಂಥ ಅವ್ವನಿಗೆ, ಪುಸ್ತಕದ ಒಳಗಿಂದ ಒಬ್ಬ ಡಾಕ್ಟರು ಕನ್ನಡದಲ್ಲಿ ರಾತ್ರಿಯೆಲ್ಲ ಮಾತಾಡಿದರೆ ಹೇಗನಿಸಿರಬೇಡ?

ಅನುಪಮಾ ನಮ್ಮ ಕೇರಿಯಿಂದ ಬಂದವರಲ್ಲ, ನಮಗಾಗಿಯೇ ಬರೆದವರೂ ಅಲ್ಲ. ಮಗುವಿಗೆ ಹಾಲು ಕೊಡಿ, ಮೊಟ್ಟೆ ಕೊಡಿ, ಬಸುರಿಗೆ ವಿಶ್ರಾಂತಿ ಕೊಡಿ ಅಂತ ಯಾವ ಡಾಕ್ಟರು ಬರೆದರೂ ತೋಟದ ಕೂಲಿ ಹೆಂಗಸಿಗೆ ಅದು ನಗು ತರಿಸೋ ಮಾತೇ. ನಾಟಿ ಗದ್ದೆಯಲ್ಲಿ ಎಂಟು ತಿಂಗಳ ಬಸುರಿ ಬಗ್ಗಿ ನಿಂತಿರ್ತಾಳೆ, ವಿಶ್ರಾಂತಿ ಯಾರು ಕೊಡಬೇಕು? ಅದನ್ನ ಪುಸ್ತಕ ಕೊಡಲ್ಲ, ಹೋರಾಟವೇ ಕೊಡಬೇಕು. ಆದರೆ ಒಂದು ಮಾತು. ಅಕ್ಷರ ಕಿತ್ತುಕೊಂಡಂತೆಯೇ ನಮ್ಮ ಮೈಯ ಅರಿವನ್ನೂ ನಮ್ಮಿಂದ ಕಿತ್ತುಕೊಂಡಿದ್ದರು. ಮುಟ್ಟು ಮೈಲಿಗೆ, ಹೆರಿಗೆ ಮೈಲಿಗೆ, ಬಂಜೆತನ ಶಾಪ, ಹೆಣ್ಣು ಹುಟ್ಟಿದರೆ ಹೆಂಗಸಿನ ತಪ್ಪು. ಈ ಮೈಲಿಗೆಯ ಲೆಕ್ಕಾಚಾರ ಹೆಂಗಸಿಗೂ ದಲಿತರಿಗೂ ಒಂದೇ ಮೂಲದಿಂದ ಬಂದಿದ್ದು. 'ಕೇಳು ಕಿಶೋರಿ', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ', ಹೀಗೆ ಒಂದಾದಮೇಲೊಂದು ಬರೆದು ಅನುಪಮಾ ಆ ಗಂಟನ್ನ ಬಿಚ್ಚುತ್ತಾ ಹೋದರು. ಮೈಯ ಕೆಲಸ ಮೈಯದು, ಅದರಲ್ಲಿ ಪಾಪ ಪುಣ್ಯ ಇಲ್ಲ.

ಕಥೆಯಲ್ಲೂ ಅವರ ಡಾಕ್ಟರ ಕಣ್ಣು ಬಿಡಲಿಲ್ಲ. 'ಮಾಧವಿ' ಕಾದಂಬರಿ ನೋಡಿ. ಮಹಾಭಾರತದಲ್ಲಿ ಯಯಾತಿಯ ಮಗಳು ಮಾಧವಿ. ಗಾಲವ ಅನ್ನೋ ಶಿಷ್ಯನಿಗೆ ಗುರುದಕ್ಷಿಣೆ ಕೊಡಕ್ಕೆ ಎಂಟುನೂರು ಕುದುರೆ ಬೇಕು. ಯಯಾತಿ ಹತ್ತಿರ ಕುದುರೆ ಇಲ್ಲ, ಮಗಳಿದ್ದಾಳೆ, ಕೊಟ್ಟ. ಒಬ್ಬೊಬ್ಬ ರಾಜನಿಗೆ ಒಂದೊಂದು ಗಂಡುಮಗು ಹೆತ್ತುಕೊಟ್ಟರೆ ಇನ್ನೂರಿನ್ನೂರು ಕುದುರೆ. ಮೂವರು ರಾಜರಾದ ಮೇಲೆ ಬಾಕಿ ಇನ್ನೂರಕ್ಕೆ ಬದಲಾಗಿ ಗುರು ವಿಶ್ವಾಮಿತ್ರನಿಗೇ ಅವಳು. ಅಪ್ಪ ದಾನಿ ಅನಿಸಿಕೊಂಡ, ಶಿಷ್ಯ ಋಣ ತೀರಿಸಿಕೊಂಡ, ಗುರುವಿಗೆ ದಕ್ಷಿಣೆ ಸಂದಿತು. ನಾಲ್ಕು ಹೆರಿಗೆಯ ಲೆಕ್ಕ ಮಾತ್ರ ಯಾರ ಖಾತೆಯಲ್ಲೂ ಇಲ್ಲ. ಹೆರಿಗೆ ಅಂದರೆ ಏನು ಅಂತ ಓದಿ ತಿಳಿದಿದ್ದ ಡಾಕ್ಟರೊಬ್ಬರು ಆ ಕಥೆಯನ್ನ ಕೈಗೆತ್ತಿಕೊಂಡಿದ್ದು ಸುಮ್ಮನೆ ಅಲ್ಲ.

ಈಗ ಮನೆಗೆ ಬರೋಣ.

1970ರ ದಶಕದ ಶುರುವಿನಲ್ಲಿ ನಿರಂಜನರಿಗೆ ಪಾರ್ಶ್ವವಾಯು ಹೊಡೀತು. ಆಗ ಅವರಿಗೆ ಐವತ್ತೂ ಆಗಿರಲಿಲ್ಲ. ಅನುಪಮಾಗೆ ನಲವತ್ತರ ಒಳಗೆ. ಚಿಕ್ಕ ಮಕ್ಕಳಿಬ್ಬರು. ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ವರ್ಷ, 1991ರಲ್ಲಿ ಅನುಪಮಾ ಕ್ಯಾನ್ಸರಿನಿಂದ ತೀರಿಕೊಳ್ಳೋವರೆಗೂ, ಆ ಮನೆ ಕಾಯಿಲೆಯ ಜೊತೆಗೇ ಬದುಕಿತು. ಅನುಪಮಾ ಹೋದಮೇಲೆ ನಿರಂಜನರೂ ಹೆಚ್ಚು ಕಾಲ ಉಳೀಲಿಲ್ಲ.

ಆ ಇಪ್ಪತ್ತು ವರ್ಷದಲ್ಲಿ ನಿರಂಜನರು ಸುಮ್ಮನೆ ಮಲಗಿರಲಿಲ್ಲ. ನವಕರ್ನಾಟಕದಿಂದ ಬಂದ 'ವಿಶ್ವಕಥಾಕೋಶ' ಗೊತ್ತಲ್ಲ, 25 ಸಂಪುಟ, 1980ರಿಂದ 82ರ ಒಳಗೆ. ಪ್ರಪಂಚದ ಮೂಲೆ ಮೂಲೆಯ ಕಥೆಗಳು ಕನ್ನಡಕ್ಕೆ ಬಂದಿದ್ದು ಅದರಿಂದ. ಚಳವಳಿಯ ಎಷ್ಟೋ ಹುಡುಗರು ಆಫ್ರಿಕಾದ, ವಿಯೆಟ್ನಾಮಿನ ಹೆಸರು ಮೊದಲು ಓದಿದ್ದೇ ಅದರಲ್ಲಿ. ಅದರ ಪ್ರಧಾನ ಸಂಪಾದಕರು ನಿರಂಜನ, ಪಾರ್ಶ್ವವಾಯು ಹೊಡೆದ ಮೇಲೆ. ಅವರ ಛಲ ದೊಡ್ಡದು, ಎರಡು ಮಾತಿಲ್ಲ. ಆದರೆ ಪಾರ್ಶ್ವವಾಯು ಆದ ಮನೆಯಲ್ಲಿ ಛಲ ಒಬ್ಬರದ್ದೇ ಇರಲ್ಲ. ಇದು ನನಗೆ ಓದಿ ಗೊತ್ತಾಗಿದ್ದಲ್ಲ.

ನನ್ನ ಅಪ್ಪ ಸಂಘಟನೆಯ ಮನುಷ್ಯ. ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಗಾಳಿ ಸಾಗರದ ಕಡೆ ಬೀಸಿದಾಗ ನಮ್ಮ ಕೇರಿಯಿಂದ ಎದ್ದು ನಿಂತ ಮೊದಲ ಐದು ಜನದಲ್ಲಿ ಒಬ್ಬ. 1986ರಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಕ್ಕೆ ಹೋದವರ ಮೇಲೆ ಜನ ಮುಗಿಬಿದ್ದರಲ್ಲ, ಪೊಲೀಸರನ್ನೂ ಬಿಡದೆ ಬಟ್ಟೆ ಬಿಚ್ಚಿ ಹೊಡೆದರಲ್ಲ, ಆ ದಿನ ಅಪ್ಪನೂ ಅಲ್ಲಿದ್ದ. ಪೆಟ್ಟು ತಿಂದು ಬಂದ. ಸಭೆಗಳಲ್ಲಿ ಇವತ್ತಿಗೂ ಹಿರಿಯರು ಅದನ್ನ ಹೇಳ್ತಾರೆ, ಕೇಳಿ ನನಗೂ ಎದೆ ಉಬ್ಬುತ್ತೆ. ಆಮೇಲಿನ ಹದಿನೈದು ದಿನದ ಕಥೆ ಮಾತ್ರ ಯಾವ ಸಭೆಯಲ್ಲೂ ಬರಲ್ಲ. ಅವ್ವ ಬೆಳಿಗ್ಗೆ ತೋಟಕ್ಕೆ ಹೋಗೋ ಮುಂಚೆ ನೀರು ಕಾಯಿಸಿ ಬೆನ್ನಿಗೆ ಶಾಖ ಕೊಟ್ಟು, ಸಂಜೆ ಬಂದು ಮತ್ತೆ ಕೊಟ್ಟು, ನಡುವೆ ದಿನಗೂಲಿ ತಂದು ಗಂಜಿ ಬೇಯಿಸಿದ್ದು.

1996ರಲ್ಲಿ ಅಪ್ಪನಿಗೆ ಲಕ್ವ ಹೊಡೀತು. ಬಲಗೈ, ಬಲಗಾಲು, ಮಾತು ಮೂರೂ ಹೋಯ್ತು. ಸಂಘಟನೆಯವರು ಬಂದರು, ಹೋದರು, ಕೈಲಾದಷ್ಟು ದುಡ್ಡು ಕೊಟ್ಟರು, ಅವರ ಋಣ ದೊಡ್ಡದು. ಆದರೆ ಲಕ್ವ ಹೊಡೆದ ಮನುಷ್ಯನನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲಾಂದರೆ ಬೆನ್ನಲ್ಲಿ ಹುಣ್ಣಾಗಿ ಕೊಳೀತದೆ. ರಾತ್ರಿಯೂ ಅಷ್ಟೇ. ಊಟ ಮಾಡಿಸುವಾಗ ಎಬ್ಬಿಸಿ ಕೂರಿಸಬೇಕು, ಮಲಗಿಸಿಯೇ ಗಂಜಿ ಬಿಟ್ಟರೆ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗ್ತದೆ. ಬಿದ್ದುಹೋದ ಕೈಕಾಲನ್ನ ದಿನಾ ಮಡಚಿ ಬಿಡಿಸಿ ಮಾಡಬೇಕು, ಇಲ್ಲಾಂದರೆ ಕೀಲು ಗಟ್ಟಿಯಾಗಿ ಕೂತುಬಿಡ್ತದೆ. ಇನ್ನೂ ಒಂದಿದೆ. ಮಾತು ಬಾರದ ಗಂಡಸಿನ ಸಿಟ್ಟು. ಅದನ್ನ ನುಂಗಬೇಕು. ಅವ್ವ ಹನ್ನೊಂದು ವರ್ಷ ಇದನ್ನ ಮಾಡಿದಳು. ಅಪ್ಪನ ಬೆನ್ನಲ್ಲಿ ಒಂದೇ ಒಂದು ಹುಣ್ಣು ಆಗಲಿಲ್ಲ. ಊರಿಗೆ ಬಂದ ನರ್ಸಮ್ಮ ಒಬ್ಬರು ಅಪ್ಪನ ಬೆನ್ನು ನೋಡಿ "ಯಾವ ಆಸ್ಪತ್ರೆಲೂ ಇಷ್ಟು ಚೆನ್ನಾಗಿ ನೋಡಿಕೊಳ್ಳಕ್ಕೆ ಆಗಲ್ಲ ಅಮ್ಮ" ಅಂದಿದ್ದು ನನ್ನ ಅವ್ವನಿಗೆ ಸಿಕ್ಕ ಏಕೈಕ ಪ್ರಶಸ್ತಿ.

ಅವ್ವ ಅಕ್ಷರ ಬಾರದವಳು, ಅನುಪಮಾ ಎಂಬಿಬಿಎಸ್ ಡಾಕ್ಟರು. ಜಾತಿ ಬೇರೆ, ವರ್ಗ ಬೇರೆ, ಹಾಸಿಗೆ ಬೇರೆ, ಮನೆಯ ಗೋಡೆ ಬೇರೆ. ಇಬ್ಬರನ್ನೂ ಒಂದೇ ಅಂತ ನಾನು ಹೇಳ್ತಿಲ್ಲ, ಹೇಳಿದರೆ ಸುಳ್ಳಾಗ್ತದೆ. ಆದರೆ ಹೋರಾಟದ ಗಂಡಸಿನ ಪಕ್ಕ ಕೂತು ಅವನ ಉಸಿರು ಲೆಕ್ಕ ಹಾಕಿದ ರಾತ್ರಿಗಳು ಇಬ್ಬರಿಗೂ ಇದ್ದವು. ಅನುಪಮಾ ಅದರ ನಡುವೆಯೇ ಬರೆದರು, ತಮ್ಮ ಬದುಕನ್ನ 'ನೆನಪು: ಸಿಹಿ-ಕಹಿ' ಅಂತ ತಾವೇ ಬರೆದಿಟ್ಟರು. ನನ್ನ ಅವ್ವನಂಥವರಿಗೆ ಆ ಅವಕಾಶವೂ ಇರಲಿಲ್ಲ. ಅದಕ್ಕೇ ನಾವು ಬರೀಬೇಕು.

ನಮ್ಮ ತಾಲೂಕಿನದೇ ಇನ್ನೊಂದು ಮಾತು. ಹಂದಿಗೋಡು ಕಾಯಿಲೆ. 1970ರ ದಶಕದ ನಡುವಿನಲ್ಲಿ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಮೊದಲು ಕಂಡಿದ್ದು. ಸೊಂಟ, ಮೊಣಕಾಲಿನ ಕೀಲು ಸವೆದು ಮನುಷ್ಯ ಕುಗ್ಗಿಹೋಗೋ ಕಾಯಿಲೆ. ಬಂದಿದ್ದೆಲ್ಲ ಚನ್ನಂಗಿ, ಛಲವಾದಿ ಕೇರಿಗಳಿಗೆ. ಗದ್ದೆಗೆ ಹೊಡೆದ ವಿಷ ಕುಡಿದ ಏಡಿ ತಿಂದು ಬಂತು ಅಂತ ಮೊದಲು ಹೇಳಿದರು. ಏಡಿ ತಿನ್ನೋರೇ ತಪ್ಪಿತಸ್ಥರು ಅನ್ನೋ ಹಾಗೆ ಊರೂ ಮಾತಾಡಿತು. ಆಮೇಲೆ ದೊಡ್ಡ ದೊಡ್ಡ ಸಂಸ್ಥೆಗಳ ವೈದ್ಯರು ಬಂದು ಎಕ್ಸ್‌ರೇ ತೆಗೆದರು, ರಕ್ತ ತಗೊಂಡರು. ಇದು ಮೂಳೆಯ ಬೆಳವಣಿಗೆಯ ದೋಷ, ವಂಶದಲ್ಲಿ ಹರಿದು ಬರೋದು, ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ ಅಂತ 1994ರಲ್ಲಿ ಹೊರದೇಶದ ಪತ್ರಿಕೆಯಲ್ಲಿ ಬರೆದರು. ಕಾಯಿಲೆಗೆ ಹೆಸರು ಸಿಕ್ಕಿತು, ಕಾರಣ ಸಿಕ್ಕಿತು, ಗುಣ ಮಾಡೋ ಮದ್ದು ಸಿಗಲಿಲ್ಲ. ಮದ್ದಿಲ್ಲದ ಕಾಯಿಲೆಗೆ ಉಳಿಯೋದು ಆರೈಕೆ ಒಂದೇ. ನಿಲ್ಲಕ್ಕೆ ಆಗದವರನ್ನ ಎತ್ತಿ ಹಿತ್ತಲಿಗೆ ಕರಕೊಂಡು ಹೋಗಿದ್ದು ಯಾರು? ಎಷ್ಟೋ ಕಡೆ ತಾನೇ ಕುಂಟುತ್ತಿದ್ದ ಹೆಂಗಸು, ತನಗಿಂತ ಹೆಚ್ಚು ಕುಂಟುವ ಗಂಡನನ್ನ, ಮಗನನ್ನ.

ನಮ್ಮ ಚಳವಳಿ ಈ ವಿಷಯದಲ್ಲಿ ಹೇಗೆ ನಡಕೊಂಡಿದೆ ಅಂತ ಕೇಳಿಕೊಳ್ಳದೆ ಈ ಬರಹ ಮುಗಿಸಕ್ಕಾಗಲ್ಲ. ಅದಕ್ಕೆ ಬಾಬಾಸಾಹೇಬರ ಮನೆಗೇ ಹೋಗಬೇಕು.

ರಮಾಬಾಯಿಯವರನ್ನ ನಾವು ತಾಯಿ ಅಂತೀವಿ. ಐದು ಮಕ್ಕಳಲ್ಲಿ ನಾಲ್ಕನ್ನ ಮಣ್ಣು ಮಾಡಿ, ಗಂಡ ಓದಲಿ ಅಂತ ಬಡತನ ನುಂಗಿ, 1935ರಲ್ಲಿ ಹೋದರು. ಅವರ ಫೋಟೋಗೆ ಹಾರ ಹಾಕ್ತೀವಿ, ಸರಿ. ಆಮೇಲೆ ಬಂದವರು ಡಾ. ಸವಿತಾ, ಮೊದಲಿನ ಹೆಸರು ಶಾರದಾ ಕಬೀರ್. ಅವರೂ ಎಂಬಿಬಿಎಸ್ ಡಾಕ್ಟರು. ಸಕ್ಕರೆ ಕಾಯಿಲೆ, ಕಾಲಿನ ನರದ ನೋವಿನಿಂದ ಬಾಬಾಸಾಹೇಬರು ರಾತ್ರಿ ನಿದ್ದೆ ಮಾಡಕ್ಕಾಗದೆ ಒದ್ದಾಡ್ತಿದ್ದ ಕಾಲ. ಸಂವಿಧಾನದ ಕರಡಿನ ಕೆಲಸ ತಲೆ ಮೇಲೆ. ಅಂಥ ಹೊತ್ತಲ್ಲಿ, 1948ರ ಏಪ್ರಿಲ್ 15ರಂದು ದೆಹಲಿಯಲ್ಲಿ ಮದುವೆ. ಇನ್ಸುಲಿನ್, ಪಥ್ಯ, ಔಷಧಿ, ಎಲ್ಲಾ ಅವರ ಕೈಯಲ್ಲಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಪಕ್ಕ ನಿಂತು ಧಮ್ಮದೀಕ್ಷೆ ತಗೊಂಡವರೂ ಅವರೇ.

ಡಿಸೆಂಬರ್ 6ರ ನಂತರ ಏನಾಯ್ತು? ಅವರ ಮೇಲೇ ಅನುಮಾನ. ಬ್ರಾಹ್ಮಣರ ಮನೆಯಿಂದ ಬಂದವಳು, ಏನೋ ಮಾಡಿಬಿಟ್ಟಳು ಅಂತ. ಸರ್ಕಾರ ತನಿಖೆ ಮಾಡಿಸಿತು, ಸಹಜ ಸಾವು ಅಂತ ಬಂತು. ಆದರೂ ದಶಕಗಳ ಕಾಲ ಚಳವಳಿಯ ವೇದಿಕೆಯಿಂದ ಅವರು ದೂರ. 'ಬುದ್ಧ ಮತ್ತು ಆತನ ಧಮ್ಮ' ಪುಸ್ತಕಕ್ಕೆ ಬಾಬಾಸಾಹೇಬರು 1956ರ ಮಾರ್ಚಿನಲ್ಲಿ ಬರೆದ ಮುನ್ನುಡಿಯಲ್ಲಿ ತನ್ನನ್ನ ಬದುಕಿಸಿ ಈ ಪುಸ್ತಕ ಮುಗಿಸುವಂತೆ ಮಾಡಿದ್ದಕ್ಕೆ ಹೆಂಡತಿಗೂ ಡಾ. ಮಾಳವಣಕರ್ ಅವರಿಗೂ ಕೃತಜ್ಞತೆ ಹೇಳಿದ್ದರು. 1957ರಲ್ಲಿ ಪುಸ್ತಕ ಅಚ್ಚಾಗಿ ಬಂದಾಗ ಆ ಮುನ್ನುಡಿ ಅದರಲ್ಲಿ ಇರಲಿಲ್ಲ. ಆರೈಕೆ ಮಾಡಿದವರಿಗೆ ಸ್ವತಃ ಬಾಬಾಸಾಹೇಬರು ಕೊಟ್ಟ ಸಾಕ್ಷಿಪತ್ರ ಹಾಗೆ ಹೊರಗುಳೀತು. 1990ರ ಏಪ್ರಿಲ್ 14ರಂದು ಬಾಬಾಸಾಹೇಬರ ಭಾರತರತ್ನ ಸ್ವೀಕರಿಸಿದ್ದು ಮಾಯಿಸಾಹೇಬರೇ. 2003ರಲ್ಲಿ ತೀರಿಕೊಂಡರು. ಅವರ ಆತ್ಮಕಥೆ ಮರಾಠಿಯಿಂದ ಇಂಗ್ಲಿಷಿಗೆ ಬಂದಿದ್ದು 2022ರಲ್ಲಿ. ಜಾತಿಯನ್ನ ಪ್ರಶ್ನಿಸೋದು ಬೇರೆ, ಪ್ರಶ್ನಿಸಲೇಬೇಕು. ಆದರೆ ಎಂಟು ವರ್ಷ ಸೂಜಿ ಚುಚ್ಚಿ, ಪಥ್ಯ ಮಾಡಿ, ಕಾಲು ನೀವಿದ ಕೈಯನ್ನ ಒಂದೇ ಏಟಿಗೆ ಅಳಿಸಿಹಾಕೋದು ಯಾವ ನ್ಯಾಯ?

ಸವರ್ಣ ಸಮಾಜ ಆರೈಕೆಯನ್ನ 'ತ್ಯಾಗ' ಅಂತ ಹೊಗಳಿ ಮೂಲೆಗೆ ಕೂರಿಸುತ್ತೆ. ನಾವು ಹೊಗಳದೇ ಕೂರಿಸ್ತೀವಿ. ಎರಡರಲ್ಲೂ ಆ ಕೆಲಸ ಲೆಕ್ಕಕ್ಕೆ ಬರಲ್ಲ. ತ್ಯಾಗ ಅಂದುಬಿಟ್ಟರೆ ಕೂಲಿ ಕೇಳಂಗಿಲ್ಲ, ಪಾಲು ಕೇಳಂಗಿಲ್ಲ, ಬೇಜಾರಾಯ್ತು ಅನ್ನಂಗಿಲ್ಲ. ಆರೈಕೆ ದುಡಿಮೆ. ಚರ್ಮ ಹದ ಮಾಡೋದು ಹೇಗೆ ದುಡಿಮೆಯೋ, ಗುಂಡಿಗೆ ಇಳಿಯೋದು ಹೇಗೆ ದುಡಿಮೆಯೋ, ಹಾಗೇ. ಮಲ ಮೂತ್ರ ಬಳಿಯೋ ಕೆಲಸವನ್ನ ಹೊರಗೆ ಒಂದು ಜಾತಿಗೆ ಹಚ್ಚಿದರು, ಮನೆ ಒಳಗೆ ಹೆಂಗಸಿಗೆ ಹಚ್ಚಿದರು. ಹೊರಗಿನದನ್ನ ಪ್ರಶ್ನಿಸಿದ ನಾವು ಒಳಗಿನದನ್ನ ಯಾಕೆ ಬಿಟ್ಟೆವು?

1991, ಅನುಪಮಾ ಹೋದ ವರ್ಷವೇ ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಬಂತು. ಊರೆಲ್ಲ ಸಂಭ್ರಮ, ಅದು ನ್ಯಾಯವೇ. ಅದೇ ಜಿಲ್ಲೆಯ ಮಗಳೊಬ್ಬಳು ಕನ್ನಡದ ಮನೆ ಮನೆಯ ಡಾಕ್ಟರಾಗಿದ್ದವಳು ಹೋದದ್ದು ನಮ್ಮ ಕೇರಿಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ, ಅದೇ ಅಂಗನವಾಡಿ ಟೀಚರಕ್ಕನಿಂದ. ಅವ್ವ ಕೇಳಿ, ಸುಲೀತಿದ್ದ ಅಡಿಕೆ ಬದಿಗಿಟ್ಟು "ಪಾಪ, ಅವರನ್ನ ಯಾರು ನೋಡಿಕೊಂಡರೋ" ಅಂದಳು. ಎಲ್ಲರೂ 'ಎಷ್ಟು ಬರೆದರು' ಅಂತ ಕೇಳ್ತಾರೆ. ಅವ್ವ ಒಬ್ಬಳೇ ಹೀಗೆ ಕೇಳಿದ್ದು. ನೋಡಿಕೊಂಡವಳಿಗೇ ಗೊತ್ತಾಗೋ ಪ್ರಶ್ನೆ ಅದು.

ಕರ್ನಾಟಕ ಲೇಖಕಿಯರ ಸಂಘ ಅನುಪಮಾ ಹೆಸರಿನಲ್ಲಿ ಹಿರಿಯ ಲೇಖಕಿಯರಿಗೆ ಪ್ರಶಸ್ತಿ ಕೊಡ್ತಾ ಬಂದಿದೆ, ಸಂತೋಷ. ನನ್ನದು ಅದಕ್ಕಿಂತ ಚಿಕ್ಕ ಬೇಡಿಕೆ, ನಮ್ಮವರ ಹತ್ತಿರ. ಸಂಘಟನೆಯ ಹಿರಿಯರ ನೆನಪಿನ ಪುಸ್ತಕ ಮಾಡುವಾಗ, ಸಭೆಯಲ್ಲಿ ನುಡಿನಮನ ಹೇಳುವಾಗ, ಆ ಮನುಷ್ಯನ ಕಡೆಯ ಹತ್ತು ವರ್ಷ ಯಾರು ನೋಡಿಕೊಂಡರು ಅಂತ ಕೇಳಿ, ಆ ಹೆಸರನ್ನ ಅದೇ ಅಕ್ಷರದ ಗಾತ್ರದಲ್ಲಿ ಹಾಕಿ. 'ಮತ್ತು ಕುಟುಂಬದವರು' ಅಂತ ಬೇಡ. ಹಾಸಿಗೆ ಹಿಡಿದ ಕಾರ್ಯಕರ್ತರಿಗೆ ದುಡ್ಡು ಒಟ್ಟು ಮಾಡುವಾಗ ಔಷಧಿಗೆ ಇಷ್ಟು ಅಂತ ಲೆಕ್ಕ ಹಾಕ್ತೀವಲ್ಲ, ನೋಡಿಕೊಳ್ಳೋರ ಕಳೆದುಹೋದ ಕೂಲಿಗೆ ಇಷ್ಟು ಅಂತಲೂ ಸೇರಿಸಿ. ವಾರಕ್ಕೊಂದು ರಾತ್ರಿ ಹೋಗಿ ಮಗ್ಗುಲು ಬದಲಿಸೋ ಪಾಳಿ ತಗೊಳ್ಳಿ, ಗಂಡಸರೂ ಬನ್ನಿ. ಅದು ಹೆಂಗಸಿನ ಕೈಗೆ ಮಾತ್ರ ಬರೋ ವಿದ್ಯೆ ಅಲ್ಲ, ಅರ್ಧ ಗಂಟೆಯಲ್ಲಿ ಕಲೀಬಹುದು. ಬೇಕಾದರೆ ನಾನೇ ಬಂದು ಕಲಿಸ್ತೀನಿ. ಅವ್ವ ನನಗೆ ಕಲಿಸಿದ್ದಾಳೆ.

ಜೈಭೀಮ್.